ನೆರಳಿಲ್ಲದ ದಿನ ಮನೆಗೆ ಬಂದ ಗಂಡ

ಮದುವೆಯಾಗಿ ಹದಿನೇಳು ವರ್ಷಗಳಾದ ಮೇಲೆ ಹೆಂಡತಿಗೆ ತನ್ನ ಮೇಲೆ ಹೊಸದಾಗಿ ಪ್ರೀತಿ ಉಕ್ಕಿದೆ ಎಂದು ದಿನೇಶನಿಗೆ ಖಾತ್ರಿಯಾದದ್ದು ಒಂದು ಮೀಟರ್ ಉದ್ದದ ಕೋಲಿನಿಂದ. (ಹೊಡೆದಳೆಂದು ಊಹಿಸಬೇಡಿ. ಹೇಮಾಕ್ಷಿ ಕೈ ಎತ್ತುವವಳಲ್ಲ, ಅವಳು ಕಣ್ಣು ಬಿಟ್ಟರೇ ಸಾಕು.)

ದಿನೇಶ ತುಮಕೂರು ಕಡೆಯವನು, ಬ್ಯಾಂಕ್ ಅಧಿಕಾರಿ. ಆರು ವರ್ಷದ ಹಿಂದೆ ಬ್ಯಾಂಕು ಅವನನ್ನು ವಿಶಾಖಪಟ್ಟಣಕ್ಕೆ ಎತ್ತಿ ಹಾಕಿತ್ತು. ಆ ಊರಿನ ಅಂಚಿನ ಪೆಂಡುರ್ತಿಯಲ್ಲಿ ಬಾಡಿಗೆ ಮನೆ ಸಿಕ್ಕಿತು, ಅಲ್ಲೇ ಒಂದು ಶಾಲೆಯಲ್ಲಿ ಹೇಮಾಕ್ಷಿಗೆ ವಿಜ್ಞಾನದ ಟೀಚರ್ ಕೆಲಸವೂ ಸಿಕ್ಕಿತು. ಎಲ್ಲ ಒಂದು ಹದಕ್ಕೆ ಬಂತು ಎನ್ನುವಾಗ ಅದೇ ಬ್ಯಾಂಕು ಅವನೊಬ್ಬನನ್ನೇ ಹೆಕ್ಕಿ ವಿಜಯವಾಡಕ್ಕೆ ಎಸೆಯಿತು. ಅಲ್ಲಿಂದ ಎರಡು ವರ್ಷ ದಾಂಪತ್ಯವೆಲ್ಲ ಫೋನಿನಲ್ಲೇ. "ಊಟ ಆಯ್ತಾ?" "ಆಯ್ತು." "ಮಾತ್ರೆ?" "ಆಯ್ತು." "ಸರಿ, ಇಡ್ತೀನಿ." ಸಿಕ್ಕವರಿಗೆಲ್ಲ ದಿನೇಶ "ಮುನ್ನೂರೈವತ್ತು ಕಿಲೋಮೀಟರ್ ರೀ!" ಎಂದು ನಿಟ್ಟುಸಿರು ಬಿಡುತ್ತಿದ್ದ.

ಹೀಗಿರುವಾಗ ಜುಲೈ ಕೊನೆಯ ವಾರದಲ್ಲಿ ಹೇಮಾಕ್ಷಿ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಫೋನ್ ಮಾಡತೊಡಗಿದಳು. ಏಳನೇ ಕ್ಲಾಸಿನ ಮಕ್ಕಳ ಕೈಯಲ್ಲಿ ಅವಳು ಭೂಮಿಯ ಸುತ್ತಳತೆ ಅಳೆಸುವವಳಿದ್ದಳು. ಪೆಂಡುರ್ತಿಯಲ್ಲೊಂದು ಕೋಲು, ವಿಜಯವಾಡದಲ್ಲೊಂದು ಕೋಲು. ಸೂರ್ಯ ನೆತ್ತಿಗೆ ಬಂದಾಗ ಎರಡರ ನೆರಳನ್ನೂ ಅಳೆಯಬೇಕು. ಎರಡೂರಿನ ನೆರಳಿಗೆ ಎಷ್ಟು ವ್ಯತ್ಯಾಸ, ಉತ್ತರ ದಕ್ಷಿಣವಾಗಿ ಎಷ್ಟು ದೂರ, ಇವೆರಡು ಗೊತ್ತಾದರೆ ಇಡೀ ಭೂಮಿಯ ಲೆಕ್ಕ ಸಿಗುತ್ತದಂತೆ. ಆಗಸ್ಟ್ ಮೊದಲ ವಾರದ ಗುರುವಾರ ಪೆಂಡುರ್ತಿಯಲ್ಲಿ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ನಿಂತು ಕೋಲಿಗೆ ನೆರಳೇ ಇರುವುದಿಲ್ಲ. ಅದೇ ಪ್ರಯೋಗದ ದಿನ. ಅಲ್ಲಿಯವರೆಗೆ ತಾಲೀಮು.

"ಕೋಲು ನೆಟ್ಟಗಿದೆಯಾ? ದಾರಕ್ಕೆ ಬೀಗ ಕಟ್ಟಿ ಇಳಿಬಿಟ್ಟು ನೋಡಿ. ಮತ್ತೆ ಬಿಸಿಲಲ್ಲಿ ತಲೆಗೆ ಟವೆಲ್ ಹಾಕ್ಕೊಳ್ಳಿ."

ಬ್ಯಾಂಕಿನ ತಾರಸಿಯ ಮೇಲೆ ಬೆವರು ಸುರಿಸುತ್ತಿದ್ದ ದಿನೇಶನ ಕಿವಿಗೆ ಬಿದ್ದದ್ದು ಟವೆಲ್ ಒಂದೇ. ಅವನು ಯೋಚಿಸಿದ. ಭೂಮಿಯ ಸುತ್ತಳತೆ ಪುಸ್ತಕದಲ್ಲಿ ಅಚ್ಚಾಗಿಯೇ ಇದೆ. ಇದ್ದದ್ದನ್ನು ಮತ್ತೆ ಯಾರಾದರೂ ಅಳೆಯುತ್ತಾರೆಯೇ? ಪಾಪ, ನನ್ನ ದನಿ ಕೇಳುವ ಆಸೆ, ಬಾಯಿಬಿಟ್ಟು ಹೇಳಲು ಸಂಕೋಚ. ಕೋಲು ಒಂದು ನೆಪ!

ಇದರ ಮೇಲೆ ಬುಧವಾರ ಅವನ ವರ್ಗಾವಣೆಯ ಆದೇಶ ಬಂತು. ಮರಳಿ ವಿಶಾಖಪಟ್ಟಣಕ್ಕೆ! ಸೋಮವಾರವೇ ಹಾಜರಾಗಬೇಕು. ಅವನ ಜಾಗಕ್ಕೆ ಬಂದ ಕಾಮೇಶ್ವರರಾವು ಆಗಲೇ ಬಂದು ಕುರ್ಚಿ ಒರೆಸಿಕೊಳ್ಳುತ್ತಿದ್ದರು. ದಿನೇಶ ಫೋನ್ ಎತ್ತಿದ, ಕೆಳಗಿಟ್ಟ. ಇಂಥ ಸುದ್ದಿ ಫೋನಿನಲ್ಲಿ ಹೇಳುವಂಥದ್ದೇ? ಎರಡು ದಿನ ರಜೆ ಹಾಕಿದ, ಸಂಜೆ ಪಕ್ಕದ ನೇಕಾರರ ಊರು ಮಂಗಳಗಿರಿಗೆ ಹೋಗಿ ಗಿಳಿಹಸಿರಿನ ಸೀರೆ ತಂದ, ಗುರುವಾರ ಬೆಳಗಿನ ರೈಲು ಹತ್ತಿದ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಶಾಲೆಯ ನೀರಿನ ಟ್ಯಾಂಕಿನ ಹಿಂದೆ ನಮ್ಮ ನಾಯಕ ಅಡಗಿ ನಿಂತಿದ್ದ. ಮೈದಾನದಲ್ಲಿ ನಲವತ್ತು ಮಕ್ಕಳು ಕೋಲಿನ ಸುತ್ತ ಕುಕ್ಕರಗಾಲಿನಲ್ಲಿ ಕೂತಿದ್ದರು. ನೆರಳು ಕುಗ್ಗಿ ಕುಗ್ಗಿ ಕೋಲಿನ ಬುಡದೊಳಗೆ ಹೊಕ್ಕು ಮಾಯವಾಯಿತು. ಮಕ್ಕಳು ಹೋ ಎಂದು ಕೂಗಿದರು. ಕೆಲವರು ಕುಣಿದು ತಮ್ಮ ಕಾಲಡಿಯಲ್ಲೇ ನೆರಳು ಹುಡುಕಿದರು. ಹೇಮಾಕ್ಷಿಯ ಮುಖವೂ ಏಳನೇ ಕ್ಲಾಸಿನದೇ ಆಗಿತ್ತು.

"ಈಗ ವಿಜಯವಾಡ!" ಎಂದು ಅವಳು ಫೋನ್ ಒತ್ತಿದಳು. ಟ್ಯಾಂಕಿನ ಹಿಂದೆ ರಿಂಗಾಯಿತು.

ದಿನೇಶ ಸೀರೆಯ ಪೊಟ್ಟಣ ಹಿಡಿದು ನಗುತ್ತಾ ಪ್ರತ್ಯಕ್ಷನಾದ. ಹೇಮಾಕ್ಷಿ ಅವನನ್ನು ನೋಡಿದಳು, ಫೋನನ್ನು ನೋಡಿದಳು.

"ನೀವು ಇಲ್ಲಿದ್ರೆ ಅಲ್ಲಿ ಯಾರಿದಾರೆ?"

"ಅಲ್ಲಿ... ಯಾರೂ ಇಲ್ಲ. ನಿನ್ನ ನೋಡೋಣ ಅಂತ—"

"ನನ್ನ ನೋಡೋಕೇನಿದೆ? ಇಡೀ ಭೂಮಿಗೆ ನಮಗಿದ್ದದ್ದು ಎರಡೇ ಕೋಲು ರೀ! ಎರಡು ವರ್ಷ ದೂರ ಇದ್ದು ಸಾಯ್ತಾ ಇದ್ವಲ್ಲ, ಆ ದೂರ ಉಪಯೋಗಕ್ಕೆ ಬರೋದು ಇವತ್ತೊಂದಿನ. ಇವತ್ತೇ ಬಂದು ನಿಂತ್ಕೊಂಡ್ರಲ್ಲ!"

ಮುಂದಿನ ಸಾಲಿನ ಹಿಮಬಿಂದು ಎಂಬ ಎರಡು ಜಡೆಯ ಹುಡುಗಿ ಎದ್ದು ನಿಂತು, "ಟೀಚರ್, ಅಂಕುಲ್ ಗಾರು ಇಕ್ಕಡೇ ಉನ್ನಾರು. ಮರಿ ಭೂಮಿ?" ಎಂದು ಕೇಳಿದಳು. ಅಂಕಲ್ ಇಲ್ಲೇ ಇದ್ದಾರೆ, ಹಾಗಾದರೆ ಭೂಮಿಯ ಗತಿ? ವಾರದಿಂದ ಗ್ರಾಫ್ ಪುಸ್ತಕ ತುಂಬಿಸಿದ್ದ ನಲವತ್ತು ಮಕ್ಕಳ ಮುಖ ಒಟ್ಟಿಗೆ ಬಾಡಿತು. ದಿನೇಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. (ಅದರ ಸುತ್ತಳತೆ ಆಮೇಲೆ ನೋಡಿಕೊಳ್ಳಬಹುದಿತ್ತು.)

ಟೀಚರುಗಳ ಕೋಣೆಯಲ್ಲಿ ಅವನು ಆದೇಶದ ಕಾಗದ ಮುಂದಿಟ್ಟ. ಹೇಮಾಕ್ಷಿ ಓದಿದಳು. ಅವನ ಕನ್ನಡಕ ಕಿತ್ತು ತಾನು ಹಾಕಿಕೊಂಡು ಮತ್ತೊಮ್ಮೆ ಓದಿದಳು. ಕಣ್ಣು ತುಂಬಿ ಬಂತು.

"ನಿಜವಾಗ್ಲೂ ಬಂದ್ಬಿಡ್ತೀರಾ? ಒಬ್ಬಳೇ ಊಟ ಮಾಡಿ ಮಾಡಿ ಸಾಕಾಗಿತ್ತು ರೀ" ಎಂದು ಅವನ ತೋಳು ಹಿಡಿದುಕೊಂಡಳು. ದಿನೇಶ ಸ್ವರ್ಗಕ್ಕೆ ಮೂರೇ ಗೇಣು ಕೆಳಗಿದ್ದ. ಅವಳು ಮೂಗೊರೆಸಿಕೊಂಡು ಕೇಳಿದಳು:

"ಸೇರೋದು ಯಾವತ್ತು?"

"ಸೋಮವಾರ."

"ಹಾಗಾದ್ರೆ ನಾಳೆ ನೀವಿನ್ನೂ ವಿಜಯವಾಡದವರೇ. ಮಧ್ಯಾಹ್ನದ ರೈಲಿಗೆ ಹೊರಡಿ. ನಾಳೆ ಇಲ್ಲಿ ಒಂಚೂರು ನೆರಳು ಇರತ್ತೆ, ಪರವಾಗಿಲ್ಲ, ಎರಡೂರಿನ ನೆರಳೂ ಕೂಡಿಸಿದ್ರಾಯ್ತು."

ಎರಡು ವರ್ಷದಲ್ಲಿ ಮೊದಲ ಸಲ ಹೆಂಡತಿ ಅವನನ್ನು ಸಂತೋಷದಿಂದ ಬೀಳ್ಕೊಟ್ಟಳು. ಡಬ್ಬಿಯಲ್ಲಿ ಮೊಸರನ್ನ ಕೊಟ್ಟಳು, ಆಟೋದವನಿಗೆ "ಸ್ವಲ್ಪ ಬೇಗ" ಎಂದೂ ಹೇಳಿದಳು. ಕನ್ನಡಕ ಮಾತ್ರ ಅವಳ ಮೂಗಿನ ಮೇಲೆಯೇ ಉಳಿಯಿತು.

ಶುಕ್ರವಾರ ಹನ್ನೆರಡು ಗಂಟೆ ಹದಿಮೂರು ನಿಮಿಷ. ವಿಜಯವಾಡದ ತಾರಸಿಯಲ್ಲಿ ದಿನೇಶ ತಲೆಗೆ ಟವೆಲ್ ಸುತ್ತಿ ಕೂತಿದ್ದ. ದಾರ ಬೀಗ ಹಿಡಿಯಲು ಕಾಮೇಶ್ವರರಾವು ಬಂದಿದ್ದರು. ಮೋಡ ಸರಿಯಿತು. ಪೆಂಡುರ್ತಿಯಲ್ಲಿ ನೆರಳು ಉತ್ತರಕ್ಕೆ ಐದು ಮಿಲಿಮೀಟರ್ ಚಾಚಿತ್ತು, ಇಲ್ಲಿ ದಕ್ಷಿಣಕ್ಕೆ. ಮುನಿಸಿಕೊಂಡ ಗಂಡ ಹೆಂಡತಿಯಂತೆ ಎರಡೂ ಬೆನ್ನು ತಿರುಗಿಸಿದ್ದವು, ಸೂರ್ಯ ನಡುವೆ ನಿಂತಿದ್ದ.

"ಹದಿನೆಂಟು" ಎಂದರು ಕಾಮೇಶ್ವರರಾವು.

ಕನ್ನಡಕವಿಲ್ಲದ ದಿನೇಶ ಕಣ್ಣು ಕಿರಿದು ಮಾಡಿ, ಹಿರಿಯ ಅಧಿಕಾರಿಯ ಗತ್ತಿನಲ್ಲಿ, "ಹತ್ತೊಂಬತ್ತು" ಎಂದು ಫೋನಿಗೆ ಘೋಷಿಸಿದ. ಅತ್ತ ಪೆನ್ಸಿಲುಗಳು ಕೆರೆದವು. ಹತ್ತು ನಿಮಿಷದ ಮೇಲೆ ಹಿಮಬಿಂದುವಿನ ದನಿ ತೀರ್ಪು ಓದಿತು. ಮೂವತ್ತೆಂಟು ಸಾವಿರ ಕಿಲೋಮೀಟರ್! ಮಕ್ಕಳ ಚಪ್ಪಾಳೆಗೆ ಫೋನೇ ನಡುಗಿತು.

ಹೇಮಾಕ್ಷಿಯ ದನಿಯೂ ನಡುಗುತ್ತಿತ್ತು. "ಬಂತು ರೀ! ಎರಡು ಕೋಲಲ್ಲಿ ಬಂತು! ಪುಸ್ತಕದಲ್ಲಿರೋದಕ್ಕಿಂತ ಎರಡು ಸಾವಿರ ಕಮ್ಮಿ ಬಂತು, ನೀವು ಒಂದು ಮಿಲಿಮೀಟರ್ ಜಾಸ್ತಿ ಹೇಳಿರ್ತೀರಿ. ಇನ್ನೊಂದು ವಿಷ್ಯ, ಉತ್ತರ ದಕ್ಷಿಣ ನೋಡಿದ್ರೆ ನಮ್ಮಿಬ್ಬರ ಮಧ್ಯೆ ಇರೋದು ನೂರ ನಲವತ್ತೈದೇ ಅಂತೆ. ಸುಮ್ನೆ ಮುನ್ನೂರೈವತ್ತು ಅಂತ ಗೋಳಾಡ್ತಿದ್ರಿ."

ಮುಂದಿನ ವಾರ ಎರಡನೇ ಶನಿವಾರ. ವಿಶಾಖಪಟ್ಟಣದ ಅಧಿಕಾರಿಯಾಗಿ ಐದು ದಿನ ಪೂರೈಸಿದ್ದ ದಿನೇಶ ಮನೆಯ ತಾರಸಿಗೆ ಹೋದಾಗ ಹೇಮಾಕ್ಷಿ ಗಿಳಿಹಸಿರು ಸೀರೆಯುಟ್ಟು, ಕೋಲಿನ ಪಕ್ಕ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. "ಥ್ಯಾಂಕ್ಸಂಡಿ ಕಾಮೇಶ್ವರರಾವು ಗಾರು! ಇವತ್ತು ಒಂದು ಮಿಲಿಮೀಟರು ಕೂಡ ತಪ್ಪಲಿಲ್ಲ. ಇನ್ನು ಪ್ರತಿ ತಿಂಗಳು ನೀವೇ ಅಳೆಯಬೇಕು" ಎಂದು ತೆಲುಗಿನಲ್ಲಿ ಕೊಂಡಾಡಿ ಫೋನಿಟ್ಟಳು.

"ಅಂದ್ರೆ ನನ್ನ ಆ ಕೆಲಸಾನೂ ಅವರಿಗೇ ಹೋಯ್ತಾ?" ದಿನೇಶನ ಮುಖ ಸಣ್ಣದಾಯಿತು.

"ಇಲ್ಲಿದ್ಕೊಂಡು ಅಲ್ಲೀದು ಅಳೆಯೋಕೆ ಆಗತ್ತಾ? ಈಗ ಕೋಲಿಗೆ ಅಡ್ಡ ನಿಂತಿದೀರಿ, ಪಕ್ಕಕ್ಕೆ ಬನ್ನಿ."

ದಿನೇಶ ಎಡಕ್ಕೆ ಸರಿದ.

"ಆ ಪಕ್ಕ ಅಲ್ಲ ರೀ" ಎಂದು ಹೇಮಾಕ್ಷಿ ತನ್ನ ಪಕ್ಕದ ಚಾಪೆ ತಟ್ಟಿದಳು. "ಈ ಪಕ್ಕ."