ಮೇಷ್ಟ್ರ ಕಾರಿನ ಮೊಂಡು ಕ್ಲಚ್ಚು

"ಈ ಕ್ಲಚ್ಚಿನ ಹುಟ್ಟಡಗಿಸದಿದ್ರೆ ನಾನು ಲೆಕ್ಕದ ಮೇಷ್ಟ್ರೇ ಅಲ್ಲ!"

ಹೀಗೆಂದು ಘೋಷಿಸಿದಾಗ ಮೇಷ್ಟ್ರು ಕಾರಿನ ಅಡಿಯಲ್ಲಿದ್ದರು. ಹೊರಗೆ ಕಾಣುತ್ತಿದ್ದದ್ದು ಪಾದಗಳು ಮಾತ್ರ. ಹೆಂಡತಿ ಪಾದಗಳಿಗೇ ಉತ್ತರ ಕೊಟ್ಟಳು.

"ಮೊದಲು ಊಟಕ್ಕೆ ಬನ್ನಿ. ಹುಟ್ಟು ಆಮೇಲೆ ಅಡಗಿಸೋರಂತೆ."

ಕಾರಿನ ಕಾಯಿಲೆಯೇ ವಿಚಿತ್ರ. ಒಂದು ದಿನ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳುತ್ತಿತ್ತು. ಮರುದಿನ ಅದೇ ಗೇರು ಕರಕರ ಹಲ್ಲು ಕಡಿಯುತ್ತಿತ್ತು. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಕಾರು ಗಕ್ಕನೆ ಜಿಗಿದು ಪ್ರಾಣ ಬಿಡುತ್ತಿತ್ತು. ಹಿಂದಿನವರೆಲ್ಲ ಹಾರ್ನ್ ಬಾರಿಸಿ ಮೇಷ್ಟ್ರ ವಂಶವನ್ನು ಸ್ಮರಿಸುತ್ತಿದ್ದರು.

ಮೇಷ್ಟ್ರು ಆಯಿಲ್ ನೋಡಿದರು. ಕಾಲಡಿಯ ಮ್ಯಾಟು ಕಿತ್ತೆಸೆದರು. ಬೂಟು ಬಿಚ್ಚಿ ಬರಿಗಾಲಲ್ಲಿ ಓಡಿಸಿದರು. ಕೊನೆಗೆ ಮೆಕ್ಯಾನಿಕ್ಕಿನ ಬಳಿ ಒಯ್ದರೆ, ಆ ಆರಡಿ ಆಳು ಒಂದು ಸುತ್ತು ಹೊಡೆದು ಬಂದು, "ಸಾರ್, ಕ್ಲಚ್ಚಿಗೇನೂ ಆಗಿಲ್ಲ. ಬೇಕಾದ್ರೆ ಗೇರ್‌ಬಾಕ್ಸ್ ಇಳಿಸಿ ನೋಡೋಣ" ಎಂದ. ಗ್ಯಾರೇಜಿನ ಗೇಟು ದಾಟಿದ್ದೇ ತಡ, ಮತ್ತೆ ಕರಕರ! ಮೇಷ್ಟ್ರಿಗೆ ಸಾಕುಸಾಕಾಯಿತು. ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತಾಗಲೂ ಅವರ ಎಡಗಾಲು ನೆಲ ಒತ್ತುತ್ತಿತ್ತು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಮೇಷ್ಟ್ರು ಹೆಂಡತಿಗಿಂತ ಅರ್ಧ ಗೇಣು ಕುಳ್ಳು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ಅಟ್ಟದ ಮೇಲಿನ ಡಬ್ಬಿ ಇಳಿಸುವ ಹೊತ್ತಿಗೆ ಸರಿಯಾಗಿ ಮೇಷ್ಟ್ರಿಗೆ ಎಲ್ಲಿಂದಲೋ ಫೋನು ಬಂದುಬಿಡುತ್ತದೆ. ಕಾರಿನ ಸೀಟನ್ನಂತೂ ಅವರು ಎಂದೂ ಸರಿಸಿದವರಲ್ಲ. ಹೆಂಡತಿಗೆ ಸರಿಹೋದದ್ದು ಗಂಡನಿಗೆ ಸರಿಹೋಗಲೇಬೇಕು ಎಂಬುದು ಅವರ ಸಿದ್ಧಾಂತ.

ಅಷ್ಟರಲ್ಲಿ ಹೆಂಡತಿಯ ಸಂದರ್ಶನದ ದಿನ ಬಂತು. ವರ್ಷಗಟ್ಟಲೆ ಹಂಗಾಮಿ ಗ್ರಂಥಪಾಲಕಿಯಾಗಿ ದುಡಿದವಳು. ಇದೊಂದು ಗೆದ್ದರೆ ಕೆಲಸ ಕಾಯಂ, ತಪ್ಪಿದರೆ ಇದ್ದದ್ದೂ ಇಲ್ಲ. ತಿಂಗಳಿಂದ ಅನ್ನದ ತಟ್ಟೆಯ ಪಕ್ಕದಲ್ಲೂ ಪುಸ್ತಕ ಇಟ್ಟುಕೊಂಡಿದ್ದಳು.

"ನೀನು ಓದ್ಕೋ, ನಾನು ಓಡಿಸ್ತೀನಿ" ಎಂದರು ಮೇಷ್ಟ್ರು, ಗಂಭೀರವಾಗಿ.

"ಇವತ್ತು ಬೇಡ ರೀ. ನಿನ್ನೆ ಸಂಜೆ ನಾನೇ ಓಡಿಸ್ದೆ, ಚೆನ್ನಾಗೇ ಇತ್ತು."

"ನಿನಗೆ ಚೆನ್ನಾಗೇ ಇರುತ್ತೆ ಕಣೇ! ಅದಕ್ಕೆ ದ್ವೇಷ ಇರೋದು ನನ್ನ ಮೇಲೆ!"

ಮೊದಲ ಸಿಗ್ನಲ್ಲಿನಲ್ಲೇ ಕಾರು ಜಿಗಿದು ನಿಂತಿತು. ಎರಡನೆಯದರಲ್ಲಿ ನಿಂತದ್ದು ಕದಲಲೇ ಇಲ್ಲ. ಮೇಷ್ಟ್ರು ಸೀಟಿನಿಂದ ಅರ್ಧ ಜಾರಿ, ಹಲ್ಲು ಕಚ್ಚಿ, ಕಾಲ ತುದಿಯಲ್ಲಿ ಕ್ಲಚ್ಚು ಮೆಟ್ಟಿದರು. ಕರಕರ! ಹಾಲಿನ ವ್ಯಾನಿನವನು ಇಳಿದು ಬಂದು, "ಯಜಮಾನ್ರೇ, ತಳ್ಳಬೇಕಾ, ಎತ್ತಬೇಕಾ?" ಎಂದು ಕೇಳಿದ. ಹೆಂಡತಿ ಗಡಿಯಾರ ನೋಡಿಕೊಂಡಳು.

"ಇಳೀರಿ" ಎಂದಳು.

ಮೇಷ್ಟ್ರು ಇಳಿದರು. ಜಾಗ ಬದಲಾಯಿತು. ಅದೇ ಕಾರು, ಅದೇ ಕ್ಲಚ್ಚು, ಮೊಲದ ಹಾಗೆ ಓಡಿತು! ಪಕ್ಕದಲ್ಲಿ ಕುಳಿತ ಮೇಷ್ಟ್ರು ದಾರಿಯುದ್ದಕ್ಕೂ ಗಡಿಯಾರ ನೋಡುತ್ತಿದ್ದರು. ಹೆಂಡತಿಯ ಕೆಲಸ ಹೋದರೆ ತನ್ನಿಂದಲೇ ಎಂದು ಅವರಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಕಚೇರಿಯ ಗೇಟು ಬಂದಾಗ ಹೊತ್ತು ಮೀರಿರಲಿಲ್ಲ. ಹೆಂಡತಿ ಒಂದು ಕೈಯಲ್ಲಿ ಚೀಲ ಹಿಡಿದು ಇಳಿದಳು. ಇನ್ನೊಂದು ಕೈ ತನ್ನಷ್ಟಕ್ಕೆ ತಾನೇ ಸೀಟಿನ ಕೆಳಗೆ ಹೋಯಿತು. ಹಿಡಿ ಎತ್ತಿ, ಮೊಣಕಾಲಿನಿಂದ ಒತ್ತಿ, ಸೀಟನ್ನು ಟಕಟಕನೆ ಮುಂದಕ್ಕೆ ಸರಿಸಿದಳು.

ಮೇಷ್ಟ್ರ ಬಾಯಿ ತೆರೆದುಕೊಂಡಿತು.

"ಇದೇನು ಮಾಡ್ದೆ?"

ಅವಳು ನಾಲಿಗೆ ಕಚ್ಚಿಕೊಂಡಳು. "ಏನಿಲ್ಲ... ನಾನು ಓಡಿಸಿದ ಮೇಲೆ ದಿನಾ ಮಾಡೋದೇ."

"ದಿನಾ?"

"ಕಾರು ತಗೊಂಡಾಗಿಂದ. ಈಚೆಗೆ ಓದೋ ಗಡಿಬಿಡೀಲಿ ಒಂದೊಂದು ದಿನ ಮರೆತುಹೋಗ್ತಿತ್ತು ಕಣ್ರೀ."

ಕಾಯಿಲೆಯ ಮೂಲ ಸಿಕ್ಕಿತು! ಅವಳು ಮರೆತ ದಿನ ಮೇಷ್ಟ್ರ ಕಾಲಿಗೆ ಕ್ಲಚ್ಚು ಪೂರ್ತಿ ಎಟುಕುತ್ತಿರಲಿಲ್ಲ. ಮೇಷ್ಟ್ರು ಮುಂದೆ ಸರಿದ ಸೀಟನ್ನೂ ಹೆಂಡತಿಯ ಮುಖವನ್ನೂ ನೋಡಿದರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಅಕ್ಕರೆ ಉಕ್ಕಿತು.

"ನಾನು ಕಾರಿನಡಿ ಉರುಳಾಡ್ತಿದ್ದಾಗಲಾದ್ರೂ ಹೇಳಬಾರದಿತ್ತೇನೇ?"

"ಹೇಳಿದ್ರೆ ನೀವು ಸೀಟನ್ನ ಇನ್ನೂ ಹಿಂದಕ್ಕೆ ತಳ್ಳಿ ಕೂರ್ತಿದ್ರಿ!" ಎಂದವಳೇ ಹೆಂಡತಿ ಒಳಗೆ ಓಡಿದಳು.