ವಸಂತಿ ಇಲ್ಲದ ವೀಡಿಯೋ

ಏಳು ದಿನ ಪುಕ್ಕಟೆ ಎಂದು ಬರೆದಿತ್ತು. ಶೀನಪ್ಪನ ಕಷ್ಟಕ್ಕೆಲ್ಲ ಆ ಪುಕ್ಕಟೆಯೇ ಮೂಲ. ಮದುವೆ ವೀಡಿಯೋ ಮಾಡುವವರು ಬಳಸುವ ದೊಡ್ಡ ಎಡಿಟಿಂಗ್ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡ ಮೇಲೆ ಮೊದಲ ದಿನ ಅದನ್ನು ತೆರೆಯುವುದರಲ್ಲಿ ಹೋಯಿತು, ಎರಡನೆಯ ದಿನ ಮುಚ್ಚುವುದರಲ್ಲಿ. ಆಮೇಲಿನ ನಾಲ್ಕು ದಿನ ಯೂಟ್ಯೂಬಿನಲ್ಲಿ ಒಬ್ಬಾತ ಇಂಗ್ಲಿಷಿನಲ್ಲಿ ಪಾಠ ಮಾಡಿದ. ತುಂಬ ಸುಲಭ ಎಂದು ಆತ ಮತ್ತೆಮತ್ತೆ ಹೇಳಿದ್ದು ಬಿಟ್ಟರೆ ಉಳಿದದ್ದೇನೂ ಶೀನಪ್ಪನ ತಲೆಗೆ ಹೋಗಲಿಲ್ಲ. ಈಗ ಏಳನೆಯ ದಿನ, ಶನಿವಾರ ಬೆಳಿಗ್ಗೆ. ಸಂಜೆ ಐದಕ್ಕೆ ದುಬೈಯ ಊದ್ ಮೇಥಾದ ಒಂದು ಹಾಲಿನಲ್ಲಿ ಅವನ ಹೆಂಡತಿ ವಸಂತಿ ತೀರಿಕೊಂಡು ಒಂದು ವರ್ಷವಾದದ್ದರ ಕಾರ್ಯಕ್ರಮವಿತ್ತು.

ಅದನ್ನು ಏರ್ಪಡಿಸಿದವಳು ವಸಂತಿಯ ಅಕ್ಕ ಲೀಲಮ್ಮ. ತಿಂಗಳ ಹಿಂದೆಯೇ ಫೋನು ಮಾಡಿ ಹೇಳಿದ್ದಳು. "ಭಜನೆ ಉಂಟು, ಊಟ ಉಂಟು. ನಡುವೆ ಹತ್ತು ನಿಮಿಷ ನನ್ನ ತಂಗಿಯನ್ನು ಪರದೆ ಮೇಲೆ ನೋಡ್ಬೇಕು ಅಂತ ಆಸೆ ಶೀನಪ್ಪಾ. ಸ್ಟುಡಿಯೋದವರಿಗೆ ಕೊಡುವ, ಆಗದಾ?"

"ಬೇಡ ಲೀಲಕ್ಕ. ನಾನೇ ಮಾಡ್ತೇನೆ."

ಹಾಗೆ ಯಾಕೆ ಹೇಳಿದೆ ಎಂದು ಫೋನಿಟ್ಟ ಮೇಲೆ ಅವನಿಗೇ ಆಶ್ಚರ್ಯವಾಯಿತು. ದುಬೈಯಿಂದ ಒಂದೂವರೆ ಗಂಟೆ ದೂರದ ಮುಸಫಾದ ಎ.ಸಿ. ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್ ಕೀಪರ್ ಅವನು. ಯಾವ ಬೋಲ್ಟು ಯಾವ ರ‍್ಯಾಕಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ, ಅಷ್ಟೆ. ಆದರೆ ಇಪ್ಪತ್ತನಾಲ್ಕು ವರ್ಷ ವಸಂತಿ ಅವನಿಗೆ ಬಡಿಸಿದ್ದಳು. ಅವನು ಅವಳಿಗೆಂದು ಒಂದು ಲೋಟ ಚಹಾ ಮಾಡಿಕೊಟ್ಟ ನೆನಪಿರಲಿಲ್ಲ. ಮಕ್ಕಳಿಲ್ಲದ ಮನೆ, ಇದ್ದದ್ದು ಅವರಿಬ್ಬರೇ. ಇದೊಂದನ್ನಾದರೂ ಕೈಯಾರೆ ಮಾಡಬೇಕು, ನಾಲ್ಕು ಜನರೆದುರು ಅವಳನ್ನು ಚೆನ್ನಾಗಿ ತೋರಿಸಬೇಕು ಎಂಬುದು ಅವನ ಎದೆಯಲ್ಲಿ ಕೂತುಬಿಟ್ಟಿತ್ತು.

ಫೋನಿನಿಂದ ನೂರ ನಲವತ್ತು ವೀಡಿಯೋಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡಾಗ ತೊಂದರೆ ಗೊತ್ತಾದದ್ದು. ಒಂದರಲ್ಲೂ ವಸಂತಿ ಇರಲಿಲ್ಲ. ಕಡಲ ದಂಡೆಯ ಕಾರ್ನಿಷ್‌ನಲ್ಲಿ ಶವರ್ಮಾ ತಿನ್ನುವ ಶೀನಪ್ಪ, ಹೊಸ ಅಂಗಿಯ ಶೀನಪ್ಪ, ಒಂಟೆಗೆ ಹೆದರಿ ದೂರ ನಿಂತ ಶೀನಪ್ಪ, ಸೋಫಾದಲ್ಲಿ ಬಾಯಿ ತೆರೆದು ನಿದ್ದೆ ಮಾಡುವ ಶೀನಪ್ಪ. ಫೋನು ಹಿಡಿಯುತ್ತಿದ್ದವಳು ಯಾವಾಗಲೂ ಅವಳೇ. ಅವಳದೆಂದು ಇದ್ದದ್ದು ಧ್ವನಿ ಮಾತ್ರ. "ಒಂತೆ ತೆಲಿಪುಲೆ," ಸ್ವಲ್ಪ ನಗಿ, ಎಂದು ಪ್ರತಿಯೊಂದರಲ್ಲೂ ತುಳುವಿನಲ್ಲಿ ಗೋಗರೆಯುವ ಧ್ವನಿ. ಮೊದಲ ಸಲ ಅದು ಕೇಳಿಸಿದಾಗ ಶೀನಪ್ಪ ಲ್ಯಾಪ್‌ಟಾಪ್ ಮುಚ್ಚಿ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ಅತ್ತಿದ್ದ. ಅಂದಿನಿಂದ ವಾಲ್ಯೂಮ್ ಸೊನ್ನೆಯಲ್ಲಿಟ್ಟೇ ಕೆಲಸ.

ಒಂಬತ್ತಕ್ಕೆ ಬಾಗಿಲು ಬಡಿದವಳು ಎದುರು ಫ್ಲ್ಯಾಟಿನ ಉರ್ಸುಲಾ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಅವರೆಲ್ಲ ಇದ್ದ ವಿಲ್ಲಾವನ್ನು ಆರು ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಒಂದರಲ್ಲಿ ಸಾಸಿವೆ ಸಿಡಿದರೆ ಇನ್ನೊಂದರಲ್ಲಿ ಸೀನು ಬರುತ್ತಿತ್ತು.

"ಶೀನಪ್ಪಣ್ಣ, ವಸಂತಿಯಕ್ಕನ ಫೋಟೋ ಒಂದೂ ಇಲ್ವಂತೆ ಹೌದಾ?"

"ವೀಸಾಕ್ಕೆ ತೆಗೆಸಿದ್ದು ಒಂದುಂಟು. ಅವಳಿಗೆ ಫೋಟೋ ತೆಗೆಸಿಕೊಳ್ಳುವುದೆಂದ್ರೆ ಆಗ್ತಿರ್ಲಿಲ್ಲ."

"ನನ್ನ ಹತ್ರ ಉಂಟಲ್ಲ," ಎಂದು ಉರ್ಸುಲಾ ಪೆನ್‌ಡ್ರೈವ್ ಮುಂದೆ ಹಿಡಿದಳು. ಅದರಲ್ಲಿ ಇಪ್ಪತ್ತಾರು ಫೋಟೋ. ಎಲ್ಲದರಲ್ಲೂ ನಡುವೆ ಉರ್ಸುಲಾ, ಅವಳ ಮುಂದೆ ಕೇಕು. ಒಂದರಲ್ಲಿ ಹಿಂದಿನಿಂದ ತಟ್ಟೆ ಹಿಡಿದ ಒಂದು ಮೊಣಕೈ ಕಾಣುತ್ತಿತ್ತು.

"ಇದು ವಸಂತಿಯಕ್ಕನ ಕೈ. ನನಗೆ ಗುರ್ತ ಉಂಟು. ಎಲ್ಲ ಹಾಕಿ, ಬೇಜಾರಿಲ್ಲ ನನಗೆ."

ಬೇಡವೆಂದರೆ ಅವಳಿಗೆ ಬೇಜಾರಾದೀತೆಂದು ಶೀನಪ್ಪ ತಲೆಯಾಡಿಸಿದ. ಪರದೆಯ ಎಡಗಡೆ 'ಬಿನ್' ಎಂದು ಬರೆದದ್ದು ಕಂಡಿತು. ಕಸದ ಬುಟ್ಟಿಯನ್ನು ಇಷ್ಟು ಕೈಗೆಟಕುವಂತೆ ಇಟ್ಟಿದ್ದಾರಲ್ಲ ಎಂದು ಸಂತೋಷಪಟ್ಟು, ಉರ್ಸುಲಾಳ ಕೇಕುಗಳನ್ನೆಲ್ಲ ಸದ್ದಿಲ್ಲದೆ ಅದಕ್ಕೆ ತುಂಬಿದ. ಎಡಿಟಿಂಗಿನವರ ಭಾಷೆಯಲ್ಲಿ ಬೇಕಾದ ಸಾಮಾನು ಜೋಡಿಸಿಡುವ ಪೆಟ್ಟಿಗೆಗೆ ಬಿನ್ ಎನ್ನುತ್ತಾರೆಂದು, ವಿಳಾಸದಲ್ಲೇ ಬಿನ್ ಇರುವ ಊರಿನಲ್ಲಿ ಹತ್ತು ವರ್ಷ ಬದುಕಿದರೂ ಅವನಿಗೆ ತಿಳಿದಿರಲಿಲ್ಲ.

ಹನ್ನೊಂದರ ಹೊತ್ತಿಗೆ ಅವನು ರೇಜರ್ ಹಿಡಿಯಲು ಕಲಿತ. ಕೆಳಗಿನ ಉದ್ದ ಪಟ್ಟಿಯಲ್ಲಿ ವೀಡಿಯೋ ತುಂಡುಗಳನ್ನು ಸಾಲಾಗಿ ಇಡುವುದು, ಬ್ಲೇಡಿನ ಚಿತ್ರ ಒತ್ತಿ ಬೇಡದ ಬಾಲ ಕತ್ತರಿಸುವುದು. ಅಷ್ಟು ಬಂದದ್ದೇ ಹುರುಪಾಗಿ ಎಲ್ಲದರ ಬಾಲವನ್ನೂ ಕತ್ತರಿಸುತ್ತ ಹೋದ. ಕಾರ್ನಿಷ್‌ನ ಸೂರ್ಯಾಸ್ತದ ವೀಡಿಯೋ ಕತ್ತರಿಸುವಾಗ ಕೈ ಜಾರಿ, ಕತ್ತರಿಸಿದ ತುಂಡು ಬಲಗಡೆಗೆ ಓಡಿ ಪರದೆಯಿಂದಲೇ ಕಣ್ಮರೆಯಾಯಿತು. ಹೋದರೆ ಹೋಗಲಿ, ಹೇಗೂ ಬಿಸಾಡುವುದೇ ಎಂದುಕೊಂಡ.

ಮಧ್ಯಾಹ್ನ ಉರ್ಸುಲಾಳ ಗಂಡ ಸ್ಟೀಫನ್ ಬಂದ. ಅವನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು. ಪರದೆ ಇರುವ ಯಂತ್ರವೆಲ್ಲ ತನ್ನ ಇಲಾಖೆ ಎಂಬುದು ಅವನ ನಂಬಿಕೆ.

"ಸ್ವಲ್ಪ ಆಚೆ ಸರೀರಿ ಶೀನಪ್ಪಣ್ಣ. ಮನುಷ್ಯನ ಒಳಗಿದ್ದದ್ದು ತೋರಿಸ್ತೇನೆ ನಾನು, ಇದೆಂತ ಮಹಾ," ಎಂದು ಕುರ್ಚಿ ಎಳೆದುಕೊಂಡ. "ಹೋ, ಬಿನ್‌ನಲ್ಲಿ ಒಳ್ಳೊಳ್ಳೆ ಫೋಟೋ ಇಟ್ಟಿದ್ದೀರಿ, ಪಟ್ಟಿಗೆ ಹಾಕ್ಲೇ ಇಲ್ಲ," ಎಂದವನೇ ಶೀನಪ್ಪ ಬಾಯಿ ತೆರೆಯುವುದರೊಳಗೆ ಇಪ್ಪತ್ತಾರು ಕೇಕನ್ನೂ ಎಳೆದು ಮೇಲಿನ ಸಾಲಿಗೆ ಬಿಟ್ಟ. ಮೇಲಿನ ಸಾಲಿನಲ್ಲಿ ಇಟ್ಟದ್ದು ಕೆಳಗಿನದನ್ನು ಮುಚ್ಚಿಬಿಡುತ್ತದೆ ಎಂಬ ಸಂಗತಿ ಇಬ್ಬರಿಗೂ ಗೊತ್ತಿರಲಿಲ್ಲ. ಕೆಳಗಿದ್ದದ್ದು ವಸಂತಿಯ ವೀಸಾ ಫೋಟೋ.

"ಈ ಹಸಿರು ಗೀಟು ಎಂತದ್ದು ಗೊತ್ತುಂಟಾ? ಗಲಾಟೆ. ಹಿಂದೆ ಯಾರೋ ಮಾತಾಡಿದ್ದೆಲ್ಲ ರೆಕಾರ್ಡ್ ಆಗಿದೆ. ತೆಗೆದುಬಿಟ್ಟು ಕೊಳಲು ಹಾಕುವ."

ಶೀನಪ್ಪ ಆ ಗೀಟಿನ ಮೇಲೆ ಬೆರಳಿಟ್ಟ. "ಅದು ವಸಂತಿ ಮಾತು ಸ್ಟೀಫನ್."

ಸ್ಟೀಫನ್‌ನ ಕೈ ಮೌಸಿನ ಮೇಲೆಯೇ ನಿಂತಿತು. "ಹೌದಾ... ನನಗೆ ಗೊತ್ತಿರ್ಲಿಲ್ಲ. ಹಾಗಾದ್ರೆ ಇಡುವನಾ? ನೀವೇ ಹೇಳಿ."

ನೂರು ಜನರ ನಡುವೆ, ದೊಡ್ಡ ಸ್ಪೀಕರಿನಲ್ಲಿ ಅವಳು ನಗಿ ನಗಿ ಎಂದು ಕರೆಯುವುದನ್ನು ಶೀನಪ್ಪ ಕಲ್ಪಿಸಿಕೊಂಡ. ಅಲ್ಲಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳಲು ಆಗುವುದಿಲ್ಲ.

"ತೆಗಿ," ಎಂದ. ಹೇಳಿದ ಕೂಡಲೇ ಮನಸ್ಸು ಹಗುರವಾಯಿತು, ಆ ಹಗುರಕ್ಕೆ ಆಮೇಲೆ ನಾಚಿಕೆಯೂ ಆಯಿತು. ಸ್ಟೀಫನ್ ಪರದೆಯಲ್ಲಿ ಕಂಡ ಹಸಿರನ್ನೆಲ್ಲ ಆರಿಸಿ ಅಳಿಸಿ, ಯಾವುದೋ ಕೊಳಲನ್ನು ಹಾಸಿದ.

'ಪ್ರೀತಿಯ ನೆನಪಿನಲ್ಲಿ - ವಸಂತಿ ಶೀನಪ್ಪ' ಎಂದು ಮೊದಲಿಗೆ ಬರೆಯಬೇಕಿತ್ತು. ಕನ್ನಡದ ಒತ್ತಕ್ಷರಗಳನ್ನು ಆ ಸಾಫ್ಟ್‌ವೇರು ಮುರಿದು ಮುರಿದು ಹಾಕಿತು. ಅವು ಕೂಡಿಕೊಳ್ಳುವ ಹೊತ್ತಿಗೆ ಎರಡು ಗಂಟೆ. ಅಕ್ಷರ ದಪ್ಪ ಇರಲಿ, ಹಿಂದೆ ಕೂತವರಿಗೂ ಕಾಣಬೇಕು ಎಂದು ಶೀನಪ್ಪನೇ ಇನ್ನೂ ದೊಡ್ಡದು ಮಾಡಿಸಿದ.

ವೀಡಿಯೋ ತಯಾರಾಗಿ ಹೊರಬಂದಾಗ ಎರಡೂಮುಕ್ಕಾಲು. ಹತ್ತೊಂಬತ್ತು ನಿಮಿಷ ಎಂದು ತೋರಿಸಿತು.

"ನಾವು ಮಾಡಿದ್ದು ಎಂಟೇ ನಿಮಿಷ ಅಲ್ವಾ?" ಎಂದ ಶೀನಪ್ಪ.

"ಅದು ಯಂತ್ರದ ಲೆಕ್ಕ, ಬಿಡಿ. ಖಲಾಸ್, ಯಲ್ಲಾ, ಹೊರಡುವ. ರೋಡು ಜಾಮ್ ಆದ್ರೆ ಭಜನೆಯೂ ತಪ್ಪಿತು, ಊಟವೂ ತಪ್ಪಿತು."

ನೋಡಲು ಪುರುಸೊತ್ತಿಲ್ಲದೆ ಮೂವರೂ ಸ್ಟೀಫನ್‌ನ ಕಾರು ಹತ್ತಿದರು. ದಾರಿಯುದ್ದಕ್ಕೂ ಶೀನಪ್ಪ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಹಾಲಿನಲ್ಲಿ ಲೀಲಮ್ಮ ಬಾಗಿಲಲ್ಲೇ ಸಿಕ್ಕಿದಳು. "ಆಯ್ತಾ? ನನ್ನ ತಂಗಿ ಚೆನ್ನಾಗಿ ಬಂದಿದ್ದಾಳಾ?"

"ಒಂದೇ ಫೋಟೋ ಉಂಟು ಲೀಲಕ್ಕ. ಅವಳಿಗೆ ಫೋಟೋ ಅಂದ್ರೆ ಇಷ್ಟ ಇರ್ಲಿಲ್ಲ, ಗೊತ್ತುಂಟಲ್ಲ ನಿಮಗೆ."

"ಹೌದಾ?" ಎಂದಳು ಲೀಲಮ್ಮ. "ಸಣ್ಣವಳಿರುವಾಗ ಕ್ಯಾಮೆರಾ ಕಂಡ್ರೆ ಎಲ್ಲರಿಗಿಂತ ಮುಂದೆ ಬಂದು ನಿಲ್ತಿದ್ದಳು."

ಭಜನೆ ಮುಗಿಯಿತು. ದೀಪ ಆರಿಸಿದರು. ಹಾಲಿನ ಮೈಕು, ಪರದೆ ನೋಡಿಕೊಳ್ಳುವ ಬದ್ರುದ್ದೀನ್ ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿ ವೀಡಿಯೋ ಹಾಕಿದ. ಪರದೆ ತುಂಬ ಅಕ್ಷರ ಮೂಡಿತು. ದಪ್ಪ ಮಾಡಿದ್ದು ಹೆಚ್ಚಾಗಿ ಎರಡನೆಯ ಸಾಲಿನ ಮೊದಲ ಹೆಸರು ಅಂಚಿನಾಚೆ ಹೋಗಿತ್ತು. ಜನ ಓದಿದ್ದು ಇಷ್ಟು. ಪ್ರೀತಿಯ ನೆನಪಿನಲ್ಲಿ, ಶೀನಪ್ಪ.

ಹಿಂದೆಯೇ ಕೊಳಲು ಶುರುವಾಯಿತು. ಶವರ್ಮಾ ತಿನ್ನುವ ಶೀನಪ್ಪ. ಒಂಟೆಯಿಂದ ದೂರ ನಿಂತ ಶೀನಪ್ಪ. ವಸಂತಿಯ ಫೋಟೋ ಬರಬೇಕಾದಲ್ಲಿ ಉರ್ಸುಲಾ ಇಪ್ಪತ್ತಾರು ಸಲ ಕೇಕು ಕತ್ತರಿಸಿದಳು. ಆಮೇಲೆ ಸೋಫಾದಲ್ಲಿ ಬಾಯಿ ತೆರೆದು ಮಲಗಿದ ಶೀನಪ್ಪ. ಆ ದೃಶ್ಯ ಬಂದಾಗ ಹಿಂದಿನ ಸಾಲಿನ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ತಡವಾಗಿ ಬಂದವನೊಬ್ಬ ಪಕ್ಕದವನನ್ನು, ಯಾವಾಗ ಹೋದದ್ದು, ಮೊನ್ನೆ ಅಂಗಡಿಯಲ್ಲಿ ನೋಡಿದ್ದೆ ಎಂದು ಕೇಳಿದ. ಯಾರೋ ಪರದೆಯ ಫೋಟೋ ತೆಗೆದು ಊರವರ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಎಂಟು ನಿಮಿಷಕ್ಕೆ ಪರದೆ ಕಪ್ಪಾಯಿತು. ದೀಪ ಹಾಕಿದರು, ಹಾಲಿನ ಹಿಂಭಾಗದಲ್ಲೇ ಊಟಕ್ಕೆ ಸಾಲು ನಿಂತಿತು.

ಮುಂದಿನ ಕುರ್ಚಿಯಲ್ಲಿ ಶೀನಪ್ಪ ಒಬ್ಬನೇ ಉಳಿದ. ಒಂದು ವರ್ಷದ ಹಿಂದೆ ಸತ್ತವಳನ್ನು ಇವತ್ತು ತಾನೇ ಇನ್ನೊಮ್ಮೆ ಅಳಿಸಿ ಹಾಕಿದೆ ಎಂದು ಅವನಿಗೆ ಅನಿಸಿತು. ಆಗ ಫೋನು ಹೊಡೆದುಕೊಂಡಿತು. ಆಫೀಸಿನಲ್ಲಿ ವೀಸಾ, ರಜೆ ನೋಡುವ ಪೃಥ್ವಿರಾಜ್.

"ಗುಂಪಿನಲ್ಲಿ ಫೋಟೋ ನೋಡಿದೆ, ತುಂಬ ಬೇಜಾರಾಯ್ತು," ಎಂದ ಪೃಥ್ವಿರಾಜ್. "ಶೀನಪ್ಪಣ್ಣ ಒಳ್ಳೆ ಮನುಷ್ಯ. ಒಂದು ದಿನವೂ ಲೇಟಾಗಿ ಬಂದವರಲ್ಲ."

"ನಾನೇ ಮಾತಾಡುವುದು ಪೃಥ್ವಿರಾಜ್. ಶೀನಪ್ಪ."

"ಅವರ ತಮ್ಮನಾ ನೀವು? ಸ್ವರ ಹಾಗೇ ಉಂಟು ನೋಡಿ."

"ತಮ್ಮ ಅಲ್ಲ, ನಾನೇ. ತೀರಿಹೋದದ್ದು ನನ್ನ ಹೆಂಡತಿ. ಹೋದ ವರ್ಷ."

"ಈಗ ನೀವು ಶಾಕ್‌ನಲ್ಲಿದ್ದೀರಿ, ನನಗೆ ಅರ್ಥ ಆಗ್ತದೆ. ನಾಳೆ ಮಾತಾಡುವ. ಅವರ ಪಾಸ್‌ಪೋರ್ಟ್ ಮಾತ್ರ ಜಾಗ್ರತೆ ಇಟ್ಟುಕೊಳ್ಳಿ."

ಫೋನು ಇಟ್ಟ ಕೂಡಲೇ ಇನ್ನೊಂದು ಕರೆ, ಅದರ ಹಿಂದೆ ಮತ್ತೊಂದು. ತಾನು ಬದುಕಿದ್ದೇನೆ ಎಂದು ಮೂರು ಜನರಿಗೆ ಹೇಳಿ, ನಾಲ್ಕನೆಯವರಿಗೆ ಹೇಳಲು ಬಾಯಿ ತೆರೆಯುವಾಗ ಹಾಲಿನ ಎರಡೂ ಸ್ಪೀಕರುಗಳಿಂದ ಗಾಳಿಯ ಸದ್ದು ಬಂತು. ಹನ್ನೊಂದು ನಿಮಿಷದಿಂದ ಕಪ್ಪಗಿದ್ದ ಪರದೆಯಲ್ಲಿ ಕಾರ್ನಿಷ್‌ನ ಸಮುದ್ರ ಕಾಣಿಸಿತು. ಬೆಳಿಗ್ಗೆ ಕೈ ಜಾರಿ ಓಡಿಹೋದ ಬಾಲ ಎಲ್ಲೂ ಹೋಗಿರಲಿಲ್ಲ. ಪಟ್ಟಿಯ ಕೊನೆಯಲ್ಲಿ, ಯಾರ ಕಣ್ಣಿಗೂ ಬೀಳದೆ, ಧ್ವನಿ ಸಮೇತ ಕೂತಿತ್ತು.

"ಸಾಕು ನಿಮ್ಮದು," ಎಂದಳು ವಸಂತಿ ತುಳುವಿನಲ್ಲಿ, ಇಡೀ ಹಾಲಿಗೆ ಕೇಳುವಂತೆ. "ಈಗ ಫೋನು ಹಿಡ್ಕೊಳ್ಳಿ ಮಾರಾಯ್ರೆ. ನನ್ನದೊಂದು ತೆಗೀರಿ, ಎಲ್ಲಿಯೂ ನಾನೇ ಇಲ್ಲ."

ಫೋನು ಕೈ ಬದಲಿಸುವಾಗ ಸಮುದ್ರ ವಾಲಿತು. ಎರಡು ಬಳೆಯ ಒಂದು ಕೈ, ಗಾಳಿಗೆ ಹಾರುವ ಸೆರಗು, ನಗುತ್ತಿದ್ದ ಅರ್ಧ ಗಲ್ಲ ಹಾದುಹೋದವು.

"ಆಮೇಲೆ ತೆಗೆಯುವ," ಎಂದಿತು ಶೀನಪ್ಪನ ಧ್ವನಿ. "ಹಸಿವಾಗ್ತದೆ, ನಡಿ ಮೊದಲು."

"ಆಯ್ತು. ಆಮೇಲೆ."

ಅಲ್ಲಿಗೆ ಮುಗಿಯಿತು. ಊಟದ ಸಾಲಿನಲ್ಲಿ ಚಮಚದ ಸದ್ದು ನಿಂತಿತ್ತು. ಪಾಯಸದ ಸೌಟು ಹಿಡಿದಿದ್ದ ಲೀಲಮ್ಮ ಶೀನಪ್ಪನನ್ನೇ ನೋಡಿದಳು. ಸೌಟು ಪಾತ್ರೆಯಲ್ಲಿಟ್ಟು ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಶೀನಪ್ಪ ಅಳುತ್ತಿದ್ದ, ಈ ಸಲ ನಲ್ಲಿಯ ಮರೆಯೂ ಇರಲಿಲ್ಲ.

ಬದ್ರುದ್ದೀನ್ ಮೆಲ್ಲಗೆ ಹತ್ತಿರ ಬಂದ. "ಅಣ್ಣಾ, ಬಂದ್ ಮಾಡ್ಲಾ?"

"ಬೇಡ. ಇನ್ನೊಮ್ಮೆ ಹಾಕು."

"ಮುಂದೆ ಓಡಿಸ್ತೇನೆ. ಮಧ್ಯೆ ಬರೀ ಕಪ್ಪುಂಟು."

"ಬೇಡ, ಮೊದಲಿನಿಂದ ಹಾಕು. ಕಾಯ್ತೇನೆ."

ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವನು ತೆಗೆಯಲಿಲ್ಲ. ಪರದೆಯ ಮೇಲೆ ಮತ್ತೆ ದಪ್ಪ ಅಕ್ಷರ ಮೂಡಿತು. ಪ್ರೀತಿಯ ನೆನಪಿನಲ್ಲಿ, ಶೀನಪ್ಪ. ಅವಳು ಫೋನು ಹಿಡಿದು ನೋಡಿದ್ದೆಲ್ಲ ಅವನನ್ನೇ, ಈ ಸಲ ಅದರಲ್ಲಿ ತಪ್ಪೇನೂ ಅವನಿಗೆ ಕಾಣಲಿಲ್ಲ.