ಅತ್ತೆಯ ಚಂದ್ರ, ನನ್ನ ಹೊಟ್ಟೆಕಿಚ್ಚು

ನಮ್ಮ ಸೋದರತ್ತೆ ಚಂದ್ರಲೋಕಕ್ಕೆ ಐದು ಸಲ, ಮಂಗಳಗ್ರಹಕ್ಕೆ ಎರಡು ಸಲ ಹೋಗಿ ಬಂದವಳು. ಬಂಗಾರಪೇಟೆ ದಾಟಿ ಮಾತ್ರ ಎಲ್ಲಿಗೂ ಹೋದವಳಲ್ಲ! ನಂಬುವುದಿಲ್ಲವೇ? ಹೋಗಿಬಂದದ್ದೆಲ್ಲ ಆಗಿನ ಒಂದು ವಾರಪತ್ರಿಕೆಯಲ್ಲಿ ಕಥೆಗಳಾಗಿ ಅಚ್ಚಾಗಿದೆ. ಅವಳ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. "ನನ್ನ ಎಸ್ರು ನನ್ನ ಕತೆಗಿರ್ಲಿ, ನಿನ್ನ ಚಾಡಿಗೆ ಬ್ಯಾಡ" ಎಂದು ಅಪ್ಪಣೆಯಾಗಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕ್ಯಾಸಂಬಳ್ಳಿ ಹತ್ತಿರದ ನಮ್ಮ ಹಳ್ಳಿಯಿಂದ ಬಂದು, ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಸಾಲುಮನೆಯಲ್ಲಿ ಅವಳ ಜೊತೆಗಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಮಾವ ಗಣಿಯೊಳಗೆ ಇಳಿದು ಕೆಲಸ ಮಾಡುವವರು. ನಾನು ಕನ್ನಡ ಐಚ್ಛಿಕದವಳು, ಭಾವೀ ಕಾದಂಬರಿಕಾರ್ತಿ. ಅತ್ತೆ ಏಳನೇ ಕ್ಲಾಸು. ನನ್ನ ಪ್ರೇಮಕಥೆಗಳು ಹೋದಷ್ಟೇ ಬೇಗ ವಾಪಸು ಬರುತ್ತಿದ್ದವು. ಅವಳು ಹಳೇ ಕ್ಯಾಲೆಂಡರಿನ ಬೆನ್ನಿಗೆ ಗೀಚಿದ್ದು ಎಣ್ಣೆಕಲೆ ಸಮೇತ ಹೋಗಿ ಅಚ್ಚಾಗುತ್ತಿತ್ತು. ಹೊಟ್ಟೆ ಉರಿಯದೆ ಇನ್ನೇನಾಗುತ್ತೆ ಹೇಳಿ?

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದು ನೋಡುತ್ತೇನೆ, ಅತ್ತೆ ಮಂಚದ ಮೇಲೆ ಅಂಗಾತ ಮಲಗಿ, ತಲೆಯನ್ನು ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು ರಾಗಿಮುದ್ದೆ ನುಂಗುತ್ತಿದ್ದಾಳೆ! ಕಣ್ಣಲ್ಲಿ ನೀರು. ಗಾಬರಿಯಿಂದ ಎತ್ತಿ ಕೂರಿಸಿದೆ. ಭಾರವೇ ಇಲ್ಲದ ಕಡೆ ಮುದ್ದೆ ಗಂಟಲಿಳಿಯುತ್ತೋ ಇಲ್ಲವೋ ಎಂಬುದು ಹೊಸ ಕಥೆಯ ಮುಖ್ಯ ಪ್ರಶ್ನೆಯಂತೆ. ಸುಧಾರಿಸಿಕೊಂಡು ವರದಿ ಒಪ್ಪಿಸಿದಳು: "ಮುದ್ದೆ ಇಳೀತದೆ ಕಣೇ. ಸಾರು ಮಾತ್ರ ಮೂಗಿಗೆ ಬತ್ತದೆ." ಆ ಕಥೆಯಲ್ಲಿ ಚಂದ್ರನಿಗೆ ಹೊರಟವರು ದಾರಿಯುದ್ದಕ್ಕೂ ಸಾರಿಲ್ಲದ ಮುದ್ದೆ ಉಂಡರು.

ಮಾವ ಪಾಳಿ ಮುಗಿಸಿ ಬಂದರೆ ಕುಡಿಯಲು ನೀರು ಕೊಡುವ ಮೊದಲೇ ಅತ್ತೆಯ ವಿಚಾರಣೆ. ಇಳಿಯುವಾಗ ಕಿವಿ ಎಲ್ಲಿ ಮುಚ್ಚಿಕೊಂಡಿತು, ಬಂಡೆ ಎಷ್ಟು ಬಿಸಿಯಿತ್ತು, ಮೇಲಿನಿಂದ ಬಿಟ್ಟ ಗಾಳಿಗೆ ಎಂಥ ವಾಸನೆ. ಮಾವ ಬೆವರಿನ ಬನಿಯನ್ ಹಿಂಡುತ್ತ ಉತ್ತರ ಹೇಳುತ್ತಿದ್ದರು. ಉತ್ತರಗಳೆಲ್ಲ ಚಂದ್ರನ ಹೊಟ್ಟೆಯೊಳಗಿನ ಅವಳ ಊರಿಗೆ ಹೋಗುತ್ತಿದ್ದವು. ಆ ಊರಿನಲ್ಲಿ ನೆಲ ನಡುಗಿದಾಗ ಗಂಡಸರು ಆಳದಲ್ಲಿರುತ್ತಾರೆ. ಮೇಲೆ ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಸುದ್ದಿ ತರುವ ಹೆಜ್ಜೆ ಯಾರ ಮನೆ ಮುಂದೆ ನಿಲ್ಲುತ್ತದೋ ಎಂದು ಆಲಿಸುತ್ತಾರೆ. ಗಣಿಯ ಆಳದಲ್ಲಿ ಬಂಡೆ ಸಿಡಿದು ನಮ್ಮ ಮನೆಯ ತಟ್ಟೆಗಳೂ ಎಷ್ಟೋ ಸಲ ಹಾಗೆ ನಡುಗಿದ್ದವು. ಅತ್ತೆಯ ಪಕ್ಕ ನಾನೂ ಬಾಗಿಲಲ್ಲಿ ನಿಂತಿದ್ದೆ. ಆದರೆ ಬರೆಯಲು ಕೂತರೆ ನನಗೆ ತೋಚುತ್ತಿದ್ದುದು ಊಟಿಯ ಸರೋವರ, ಅದೂ ನಾನು ಕಂಡೇ ಇರದ ಊಟಿ! ಅತ್ತೆಯ ಆ ಪುಟ ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಕಥೆಯ ಕೆಳಗೆ ಅತ್ತೆ ಬರೀ ಇನಿಷಿಯಲ್ ಹಾಕುತ್ತಿದ್ದಳು. ಹೆಂಗಸಿನ ಹೆಸರು ಕಂಡರೆ ರಾಕೆಟ್ಟು ಹಾರುವ ಮೊದಲೇ ಕೆಳಗಿಳಿಸುತ್ತಾರೆ ಎಂಬುದು ಅವಳ ಅನುಮಾನ. ಸಂಪಾದಕರು ಅವಳನ್ನು ಗಣಿಯ ಎಂಜಿನಿಯರ್ ಎಂದೇ ತಿಳಿದಿದ್ದರು. ಒಂದು ಭಾನುವಾರ ಬಂಗಾರಪೇಟೆಯಿಂದ ಇಬ್ಬರು ಓದುಗರು ಹೂವಿನ ಹಾರ ಹಿಡಿದು ಬಂದೇಬಿಟ್ಟರು. ಹಾರ ಯಾರ ಕೊರಳಿಗೆ? ಮಾವನ ಕೊರಳಿಗೆ!

"ಬರಿಯೋದು ನಾನಲ್ಲ ಸಾಮಿ, ಇವ್ಳು" ಎಂದರು ಮಾವ.

ಬಂದವರು ನಕ್ಕು, ಎಂಥ ವಿನಯ ಎಂದು ಮೆಚ್ಚಿಕೊಂಡರು. ಅತ್ತೆ ಕಾಫಿ ಲೋಟ ಹಿಡಿದು ನನ್ನ ಕಡೆ ನೋಡಿದಳು. ಕಾಲೇಜು ಓದುವವಳು ನಾನು, ಹೇಳಿದ್ದರೆ ನಂಬುತ್ತಿದ್ದರೇನೋ. ನಾನು ಬಿಸ್ಕತ್ತಿನ ತಟ್ಟೆ ಮುಂದಿಟ್ಟೆ.

ಇಷ್ಟಕ್ಕೇ ನಿಂತಿದ್ದರೆ ತಮಾಷೆ ಎನ್ನಬಹುದಿತ್ತು. ಮರುವರ್ಷ ಸಂಪಾದಕರು ವಿಜ್ಞಾನ ಕಥೆಗಳ ಸಂಕಲನ ತರುತ್ತಿರುವುದಾಗಿ ತಿಳಿಸಿ, ಚಂದ್ರನ ಹೊಟ್ಟೆಯೊಳಗಿನ ಊರಿನ ಕಥೆಯನ್ನು ಸೇರಿಸಲು ಪೂರ್ಣ ಹೆಸರನ್ನೂ ಒಪ್ಪಿಗೆಯನ್ನೂ ಕೇಳಿದರು. ಅತ್ತೆ ಎರಡು ದಿನ ಯೋಚಿಸಿ, ಮೊದಲ ಸಲ ತನ್ನ ಪೂರ್ತಿ ಹೆಸರು ಬರೆದು, ಲಕೋಟೆಯನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಅಂಚೆಗೆ ಹಾಕೆಂದು ನನ್ನ ಕೈಗೆ ಕೊಟ್ಟಳು. ನಾನು ಹಾಕಲಿಲ್ಲ. ನಾಳೆ ಹಾಕಿದರಾಯಿತು ಎಂದುಕೊಂಡೆ, ನಾಡಿದ್ದು ಎಂದುಕೊಂಡೆ. ಹಾಕಿದೆಯಾ ಎಂದು ಅವಳು ಕೇಳಿದಾಗ ಹೂಂ ಎಂದೆ.

ಪುಸ್ತಕ ಬಂತು. ಅತ್ತೆ ಪರಿವಿಡಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದಳು. ಎಲ್ಲವೂ ಗಂಡಸರ ಹೆಸರು. ಹೆಂಗಸೆಂದು ತಿಳಿದು ಕಥೆಯನ್ನು ಕೈಬಿಟ್ಟಿರಬೇಕು ಎಂದಷ್ಟೇ ಅಂದು ಬರೆಯುವುದನ್ನು ನಿಲ್ಲಿಸಿದಳು. ಮಾವ ಪಾಳಿಯಿಂದ ಬಂದು ಪ್ರಶ್ನೆಗಾಗಿ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಆಮೇಲೆ ತಾವೇ, ಇವತ್ತು ಬಂಡೆ ತುಂಬಾ ಬಿಸಿ ಎನ್ನುತ್ತಿದ್ದರು. ಅವಳು ತಟ್ಟೆ ಹಾಕುತ್ತಿದ್ದಳು.

ಮೂರು ವರ್ಷದ ಮೇಲೆ ನನ್ನದೊಂದು ಕಥೆ ಕೊನೆಗೂ ಅಚ್ಚಾಯಿತು. ಅತ್ತೆ ಆ ಪತ್ರಿಕೆ ಹಿಡಿದು, ಇದು ನನ್ನ ಅಣ್ಣನ ಮಗಳು ಬರೆದದ್ದು ಎಂದು ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಸಾಲುಮನೆಗಳಿಗೆಲ್ಲ ಹೇಳಿಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ನನಗೆ ತಡೆಯಲಾಗಲಿಲ್ಲ. ಟ್ರಂಕಿನ ತಳದಿಂದ ಲಕೋಟೆ ತೆಗೆದು ಅವಳ ಕೈಗಿಟ್ಟು, ಹೊಟ್ಟೆಕಿಚ್ಚಿಗೆ ಹೀಗೆ ಮಾಡಿದೆ ಅತ್ತೆ ಎಂದು ಅತ್ತುಬಿಟ್ಟೆ.

ಅವಳು ಲಕೋಟೆಯ ಎರಡೂ ಕಡೆ ತಿರುಗಿಸಿ ನೋಡಿದಳು. ಬೈಯುತ್ತಾಳೆಂದು ಕಾದೆ.

"ಅಂಗಾರೆ ಆ ಕತೆ ಅಷ್ಟು ಚೆನ್ನಾಗಿತ್ತಾ?" ಎಂದಳು.

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಚೆನ್ನಾಗಿತ್ತು ಅತ್ತೆ ಎಂದೆ.

"ಎಲ್ಲೆಲ್ಲಿ ಚೆನ್ನಾಗಿತ್ತು? ಕೂತ್ಕೊಂಡು ಹೇಳು."

ಹೊಟ್ಟೆಕಿಚ್ಚಿನಲ್ಲಿ ಓದಿದವಳಿಗೆ ಸಾಲು ಮರೆಯುತ್ತದೆಯೇ? ಒಂದೊಂದೇ ಹೇಳುತ್ತ ಹೋದೆ. ಅತ್ತೆ ನನ್ನ ಕೈ ಹಿಡಿದುಕೊಂಡು, ಕಣ್ಣು ಮುಚ್ಚಿ ಕೇಳುತ್ತ ಕೂತಳು.